ಮಂಗಳವಾರದ ಬಸ್ಸು ಹತ್ತಿಸುವ ಕೆಲಸ

ಪಾಂಡವಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಪೋಲಿಯೋ ಬಂದು ನನ್ನ ಎಡಗಾಲು ಸಣ್ಣದಾಗಿದೆ. ಅದಕ್ಕೋ ಏನೋ, ಮೊದಮೊದಲು ನನ್ನ ಕಣ್ಣಿಗೆ ಬೀಳುತ್ತಿದ್ದವರೂ ನನ್ನಂಥವರೇ. ಕಾಲಿನ ತೊಂದರೆಯವರು, ಕಣ್ಣು ಕಾಣದವರು, ಕಿವಿ ಕೇಳದವರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಗಳಲ್ಲಿ ಮನಸ್ಸಿನ ಕಾಯಿಲೆಯೂ ಒಂದು ಅನ್ನೋದು ತರಬೇತಿಯಲ್ಲೇ ಗೊತ್ತಾಗಿತ್ತು. ಆದರೂ ನನ್ನ ರಿಜಿಸ್ಟರಿನಲ್ಲಿ ಅಂಥವರ ಹೆಸರು ಒಂದೂ ಇರಲಿಲ್ಲ.

ಒಂದು ಮನೆಗೆ ಅಜ್ಜಿಯ ಪಿಂಚಣಿ ವಿಚಾರಕ್ಕೆ ಹೋಗಿದ್ದೆ. ಹಿಂದಿನ ಕೊಟ್ಟಿಗೆಯಲ್ಲಿ ಯಾರೋ ಒಬ್ಬರೇ ಮಾತಾಡಿಕೊಳ್ಳುತ್ತಿದ್ದರು. ಕೇಳಿದ್ದಕ್ಕೆ ಆ ಮನೆಯ ಅವ್ವ, "ನನ್ನ ಮಗ ಕಣಪ್ಪ. ಗಾಳಿ ಸೋಕೈತೆ. ಎಂಟು ವರ್ಷ ಆಯ್ತು, ತೋರಿಸದೇ ಇರೋ ದೇವ್ರಿಲ್ಲ" ಅಂದರು. ನಾನು ದೇವರ ವಿಚಾರಕ್ಕೆ ಹೋಗಲಿಲ್ಲ. ಹರಕೆ ಹರಕೆಯ ಪಾಡಿಗೆ ಇರಲಿ ಅವ್ವ, ಮಾತ್ರೆನೂ ಒಂದು ಕಡೆ ಇರಲಿ ಅಂದೆ.

ಸರ್ಕಾರದ ಮಾನಸಿಕ ಆರೋಗ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಾನಸಿಕ ತಜ್ಞರು ಬರುವುದು ಮಂಗಳವಾರ. ನಮ್ಮ ಕಡೆ ಮಂಗಳವಾರ ಅಮ್ಮನ ವಾರ, ಹೊಸ ಕೆಲಸ ಶುರು ಮಾಡಲ್ಲ. ಸರಿ, ಸೋಮವಾರ ಸಂಜೆನೇ ಅವರ ಮನೆ ಜಗಲಿ ಮೇಲೆ ಕೂತು ಕಾಯಿಲೆಯ ವಿವರವೆಲ್ಲ ಬರೆದುಕೊಂಡೆ. ಕೆಲಸ ಸೋಮವಾರವೇ ಶುರುವಾಯ್ತಲ್ಲ ಅವ್ವ, ನಾಳೆ ಹೋಗೋದು ಮುಂದುವರಿಸೋದಕ್ಕೆ ಅಂದೆ. ನಕ್ಕರು, ಒಪ್ಪಿದರು.

ಅಲ್ಲಿ ಡಾಕ್ಟರು, ಮಾತ್ರೆ ಎಲ್ಲ ಉಚಿತ. ಆದರೂ ಜನ ಯಾಕೆ ಹೋಗಲ್ಲ? ಲೆಕ್ಕ ಹಾಕಿ ನೋಡಿದೆ. ಜೊತೆಗೆ ಹೋಗುವವರ ಒಂದು ದಿನದ ಕೂಲಿ ಹೋಯಿತು. ಬಸ್ಸಿನಲ್ಲಿ ಕೂರಲ್ಲ ಅಂತ ಆಟೋ, ಮೇಲೆ ಕಾಫಿ ತಿಂಡಿ. ಪ್ರತಿ ತಿಂಗಳೂ ಇಷ್ಟು ಖರ್ಚು ಅಂದರೆ ಮೂರನೇ ತಿಂಗಳಿಗೆ ಯಾರೂ ಹೊರಡಲ್ಲ. ಹಾಗಾಗಿ ಐದು ಮನೆಯವರನ್ನು ಒಂದೇ ಮಂಗಳವಾರ, ಒಂದೇ ಬಸ್ಸಿಗೆ ಸೇರಿಸಿದೆ. ಗುರುತಿನವರು ಪಕ್ಕದಲ್ಲಿದ್ದರೆ ಆ ಅವ್ವನ ಮಗನೂ ಸುಮ್ನೆ ಕೂರುತ್ತಿದ್ದ, ಆಟೋ ತಪ್ಪಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಸರದಿಯ ಮೇಲೆ ಇಬ್ಬರು ಅಕ್ಕಂದಿರು ಎಲ್ಲರ ಜೊತೆ ಹೋಗುತ್ತಾರೆ, ಉಳಿದವರು ಕೂಲಿಗೆ ಹೋಗುತ್ತಾರೆ. ಅಷ್ಟೇ ನಾನು ಮಾಡಿದ್ದು.

ಜಾಸ್ತಿ ಪೆಟ್ಟು ತಿಂದಿದ್ದು ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ವಿಚಾರದಲ್ಲಿ. ತಪಾಸಣೆ ದಿನ ಅವ್ವ ಮಗನಿಗೆ ತಲೆಗೆ ಎಣ್ಣೆ ಹಚ್ಚಿ, ಹೊಸ ಅಂಗಿ ಹಾಕಿ ಕರೆದುಕೊಂಡು ಬಂದಿದ್ದರು. ಡಾಕ್ಟರು "ಅವನೇ ಸ್ನಾನ ಮಾಡ್ತಾನಾ?" ಅಂದರೆ "ಮಾಡ್ತಾನೆ ಸ್ವಾಮಿ". "ಕೆಲಸ ಮಾಡ್ತಾನಾ?" ಅಂದರೆ "ಎಲ್ಲಾ ಮಾಡ್ತಾನೆ". ಹೆತ್ತವಳಿಗೆ ಮಗನ ಮಾನ ಮುಖ್ಯ ಅಲ್ವಾ? ಅಂಗವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆ ಅಂತ ಬಂತು. ಮಾಸಾಶನಕ್ಕೆ ಅರ್ಜಿ ಹಾಕೋ ಹಾಗೇ ಇಲ್ಲ.

ಆಮೇಲೆ ಈ ಲೆಕ್ಕ ಹೇಗೆ ಅಂತ ಕೂತು ಕಲಿತೆ. ಮನಸ್ಸಿನ ಕಾಯಿಲೆಯವರ ಅಂಗವೈಕಲ್ಯ ಅಳೆಯೋಕೆ ಐಡಿಯಾಸ್ ಅನ್ನೋ ಅಳತೆ ಇದೆ. ತನ್ನ ಮೈ ತಾನು ನೋಡಿಕೊಳ್ಳೋದು, ಜನರ ಜೊತೆ ಬೆರೆಯೋದು, ಮಾತು ಮತ್ತು ತಿಳಿವಳಿಕೆ, ಕೆಲಸ, ಈ ನಾಲ್ಕಕ್ಕೂ 0ಯಿಂದ 4ರವರೆಗೆ ಅಂಕ. ಕಾಯಿಲೆ ಎಷ್ಟು ವರ್ಷದ್ದು ಅನ್ನೋದಕ್ಕೆ ಬೇರೆ ಅಂಕ. ಒಟ್ಟು 20ರಲ್ಲಿ 7 ಬಂದರೆ ಶೇಕಡಾ 40 ಮುಟ್ಟುತ್ತದೆ. ಈಗ ತಪಾಸಣೆಗೆ ಮೊದಲು ಒಂದು ವಾರ ಮನೆಯವರ ಕೈಗೆ ನೋಟ್‌ಬುಕ್ ಕೊಡುತ್ತೇನೆ. ಸ್ನಾನಕ್ಕೆ ಎಷ್ಟು ಸಲ ಹೇಳಬೇಕಾಯ್ತು, ಊಟ ಕರೆದು ಕೊಟ್ಟಿರೋ ಅವನೇ ಕೇಳಿದನೋ, ರಾತ್ರಿ ಎದ್ದು ಎಲ್ಲಿಗೆ ಹೋದ, ಎಲ್ಲ ಬರೆಯಬೇಕು. ಓದು ಬರಹ ಇಲ್ಲದ ಮನೆಯಲ್ಲಿ ಶಾಲೆಗೆ ಹೋಗೋ ಮೊಮ್ಮಗಳು ಬರೆಯುತ್ತಾಳೆ. ಸುಳ್ಳು ಸೇರಿಸಬೇಡಿ, ಮುಚ್ಚಿಡಲೂ ಬೇಡಿ ಅಂತ ಮಾತ್ರ ಹೇಳುತ್ತೇನೆ. ಎರಡನೇ ಸಲ ಅವನಿಗೆ ಕಾರ್ಡ್ ಸಿಕ್ಕಿತು. ನಾಡಕಚೇರಿಯಲ್ಲಿ ಮಾಸಾಶನದ ಅರ್ಜಿ ಹಾಕಿದೆವು. ರಿಯಾಯಿತಿ ಬಸ್ ಪಾಸ್ ಬಂತು. ಮನೆಯಿಂದ 100 ಕಿಲೋಮೀಟರ್ ಒಳಗೆ ನಡೆಯುತ್ತೆ, ಮಂಡ್ಯ ಮೈಸೂರು ಎರಡೂ ಅದರಲ್ಲೇ ಬಂದವು.

ಇಷ್ಟಾದ ಮೇಲೆ ತಪ್ಪು ಮಾಡಿದ್ದು ನಾನೇ. ಹುಡುಗ ಸರಿಹೋದ, ಕಾರ್ಡೂ ಬಂತು ಅಂತ ಆ ಮನೆಗೆ ಹೋಗೋದನ್ನೇ ಬಿಟ್ಟೆ. ಅವನು ಮಾತ್ರೆ ಬಿಟ್ಟಿದ್ದ. ಹಗಲೆಲ್ಲ ತೂಕಡಿಕೆ, ಕೈ ನಡುಗುತ್ತೆ ಅಂತ ಯಾರಿಗೂ ಹೇಳದೆ ಹಿತ್ತಲಿಗೆ ಎಸೆಯುತ್ತಿದ್ದ. ಒಂದು ರಾತ್ರಿ ಅವನ ತಂಗಿ ಅಳುತ್ತಾ ಫೋನ್ ಮಾಡಿದಳು, "ಅಣ್ಣಾ, ಮತ್ತೆ ಶುರುವಾಯ್ತು". ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿಸಿದೆ. ರಾತ್ರಿ ಹಗಲು ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆ ರಾತ್ರಿ ಅವನ ಜೊತೆ ಹೇಗೆ ಮಾತಾಡಬೇಕು ಅಂತ ಅವಳಿಗೆ ಹೇಳಿಕೊಟ್ಟರು. ಮುಂದಿನ ಮಂಗಳವಾರ ಡಾಕ್ಟರು ಮಾತ್ರೆ ಬದಲಾಯಿಸಿ, ರಾತ್ರಿಗೆ ಮಾತ್ರ ಕೊಟ್ಟರು. ಒಂದು ಮಾತು ಕೇಳಿದ್ದರೆ ಮೂರು ತಿಂಗಳು ಮೊದಲೇ ಆಗುತ್ತಿದ್ದ ಕೆಲಸ. ಈಗ ನನ್ನ ರಿಜಿಸ್ಟರಿನಲ್ಲಿ "ತೂಕಡಿಕೆ, ನಡುಕ" ಅಂತ ಒಂದು ಕಾಲಂ ಇದೆ. ಅದನ್ನು ತಾಯಿಯನ್ನಲ್ಲ, ಕಾಯಿಲೆ ಇರುವವರನ್ನೇ ಕೇಳಿ ತುಂಬುತ್ತೇನೆ.

ಅವನೀಗ ಸೋದರಮಾವನ ಆಲೆಮನೆಯಲ್ಲಿ ಕಬ್ಬಿನ ರಚ್ಚು, ಅಂದರೆ ರಸ ಹಿಂಡಿದ ಸಿಪ್ಪೆ, ಹರಡಿ ಒಣಗಿಸುತ್ತಾನೆ. ಕೊಪ್ಪರಿಗೆ ಹತ್ತಿರ ಬಿಡಬೇಡಿ ಅಂತ ನಾನೇ ಹೇಳಿದ್ದೇನೆ. ಮೊದಲು ಅರ್ಧ ಕೂಲಿ ಕೊಡುತ್ತಿದ್ದರು. ಜಗಳ ಆಡಿ ಮುಕ್ಕಾಲಿಗೆ ತಂದಿದ್ದೇನೆ. ಪೂರ್ತಿ ಕೂಲಿ ಮಾತೆತ್ತಿದರೆ ಮಾವ "ಮುಂದಿನ ಸಲ ನೋಡವ ಬಿಡಪ್ಪ" ಅನ್ನುತ್ತಾರೆ.