ಕರಡು ಅರಣ್ಯ ನೀತಿಗೆ ಆಕ್ಷೇಪಣೆ ಬರೆಯುವುದು ಹೇಗೆ

ನಾನು ಡೊಂಬಿವಲಿಯಲ್ಲಿ ಇರುವವನು. ಊರು ಶಿರಸಿ ಹತ್ತಿರ. ಮುಂಬೈಯ ಒಂದು ಸರ್ಕಾರಿ ಕಚೇರಿಯಲ್ಲಿ 29 ವರ್ಷ ಗುಮಾಸ್ತನಾಗಿದ್ದೆ. ಹೊಸ ನಿಯಮದ ಕರಡು ಹೊರಬಿದ್ದಾಗ ಜನ ಕಳಿಸುವ ಪತ್ರಗಳನ್ನು ಓದಿ, ಪಟ್ಟಿ ಮಾಡಿ ಸಾಹೇಬರ ಮೇಜಿಗೆ ಇಡುವುದು ನನ್ನ ಕೆಲಸ. ಪಟ್ಟಿಯಲ್ಲಿ ನಾಲ್ಕೇ ಕಾಲಂ: ಪ್ಯಾರಾ ಸಂಖ್ಯೆ, ಏನು ಬದಲಾಗಬೇಕು, ಯಾಕೆ, ಷರಾ (ಅಂದರೆ ಅದಕ್ಕೆ ಕಚೇರಿಯ ಟಿಪ್ಪಣಿ). 'ಮಕ್ಕಳಿಗಾಗಿ ಕಾಡು ಉಳಿಸಿ' ಎಂದು ಮೂರು ಪುಟ ತುಂಬ ಬರೆದ ಪತ್ರ ಯಾವ ಕಾಲಂಗೂ ಹೊಂದುತ್ತಿರಲಿಲ್ಲ. 'ಸಾಮಾನ್ಯ ಅಭಿಪ್ರಾಯ' ಎಂದು ಕೊನೆಯಲ್ಲಿ ಸೇರಿಸುತ್ತಿದ್ದೆ. ಒಂದೇ ಒಕ್ಕಣೆಯ ನೂರು ಈಮೇಲ್ ಬಂದರೆ ನೂರೂ ಸೇರಿ ಒಂದು ಸಾಲು. ಬರೆದವರ ಕಳಕಳಿ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆ ಕಾಲಂಗಳಿಗೆ ಹೊಂದುವ ಹಾಗೆ ಬರೆಯುವುದನ್ನು ಯಾರಾದರೂ ಅವರಿಗೆ ಹೇಳಿಕೊಡಬೇಕಿತ್ತು.

ನಮ್ಮಲ್ಲಿ ಈಗ ನಡೆಯುತ್ತಿರುವುದು 1988ರ ಅರಣ್ಯ ನೀತಿ. 2018ರಲ್ಲಿ ಹೊಸ ಕರಡು ಬಂದಿತ್ತು, ಜಾರಿಗೆ ಬರಲಿಲ್ಲ. ಇನ್ನೊಂದು ಬಂದೇ ಬರುತ್ತದೆ. ಸಾಮಾನ್ಯವಾಗಿ ಸಿಗುವುದು 30 ದಿನ, ಅಂದರೆ ನಾಲ್ಕು ಭಾನುವಾರ. ಬರೆದು ಏನಾಗುತ್ತದೆ ಎಂದು ಕೇಳುವವರಿದ್ದಾರೆ. 2019ರಲ್ಲಿ ಅರಣ್ಯ ಕಾಯ್ದೆಯ ತಿದ್ದುಪಡಿ ಕರಡು ಬಂತು. ಅದರಲ್ಲಿ ಬಂದೂಕು ಬಳಸುವ ಅರಣ್ಯ ಸಿಬ್ಬಂದಿಗೆ ವಿಶೇಷ ರಕ್ಷಣೆ ಇತ್ತು. ವಿರೋಧ ಜೋರಾಗಿ, ಅದೇ ನವೆಂಬರ್‌ನಲ್ಲಿ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. 2023ರಲ್ಲಿ ಇನ್ನೊಂದು ಕಾಯ್ದೆಗೆ, ಅರಣ್ಯ ಸಂರಕ್ಷಣಾ ಕಾಯ್ದೆಗೆ, ತಂದ ತಿದ್ದುಪಡಿಯಲ್ಲಿ ಹೀಗಾಗಲಿಲ್ಲ. ರಾಶಿ ಆಕ್ಷೇಪಣೆ ಹೋದರೂ ಸಂಸದೀಯ ಸಮಿತಿ ಮಸೂದೆಯನ್ನು ಬದಲಾವಣೆ ಇಲ್ಲದೆ ಹೊರಗೆ ಕಳಿಸಿತು. ಆದರೂ ಬರೆಯಬೇಕು. ನಾಳೆ ಕೋರ್ಟ್‌ನಲ್ಲಿ ನಿಲ್ಲುವಾಗ ಆ ಕಾಗದ ಬೇಕಾಗುತ್ತದೆ.

ಕರಡು ಸಿಕ್ಕಿದ ಕೂಡಲೇ ಮುನ್ನುಡಿ ಓದುತ್ತಾ ಕೂರಬೇಡಿ. ಪದಗಳ ಅರ್ಥ ಕೊಟ್ಟಿರುವ ಪುಟಕ್ಕೆ ಹೋಗಿ. ಯಾವುದನ್ನು ಕಾಡು ಅನ್ನುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಿಘಂಟಿನ ಅರ್ಥದ ಕಾಡೆಲ್ಲ ಕಾಡೇ ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಹೇಳಿತು. ನಮ್ಮ ಮುಂಬೈಯಲ್ಲೇ ಆರೆ ಎಂಬ ಮರ ತುಂಬಿದ ಜಾಗ ಕಾಡು ಹೌದೋ ಅಲ್ಲವೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. 2019ರ ಅಕ್ಟೋಬರ್‌ನಲ್ಲಿ ಅಲ್ಲಿ 2,000ಕ್ಕೂ ಜಾಸ್ತಿ ಮರ ಉರುಳಿದವು.

ಇನ್ನೊಂದು ಪದ 'ಅರಣ್ಯ ಹೊದಿಕೆ'. ಸರ್ಕಾರಿ ಸಮೀಕ್ಷೆಯಲ್ಲಿ ಒಂದು ಹೆಕ್ಟೇರ್‌ಗಿಂತ ದೊಡ್ಡ ಜಾಗದ ಮೇಲೆ ಶೇ 10ಕ್ಕಿಂತ ಹೆಚ್ಚು ಮರದ ನೆರಳಿದ್ದರೆ ಅದು ಹೊದಿಕೆ. ಮರ ಯಾವುದಾದರೂ ಸರಿ. ಮಾವಿನ ತೋಪೂ ಅದೇ, ಅಕೇಶಿಯಾ ನೆಡುತೋಪೂ ಅದೇ. ಹೀಗಾದರೆ ದೇಶದ ಮೂರನೇ ಒಂದು ಭಾಗದಲ್ಲಿ ಕಾಡು, ಮರ ಇರಬೇಕು ಎಂಬ ನೀತಿಯ ಶೇ 33ರ ಗುರಿಯನ್ನು ಒಂದು ಹಿಡಿ ಸಹಜ ಕಾಡು ಬೆಳೆಸದೆಯೂ ಮುಟ್ಟಬಹುದು, ಅಲ್ವಾ? ನಾನಾದರೆ ಹೀಗೆ ಬರೆಯುತ್ತೇನೆ: "ಪ್ಯಾರಾ ಇಂಥದ್ದು. 'ಅರಣ್ಯ ಹೊದಿಕೆ' ಎಂಬುದರ ಮುಂದೆ 'ಸಹಜ ಕಾಡು, ನೆಡುತೋಪು, ತೋಟ, ಈ ಮೂರರ ಲೆಕ್ಕವನ್ನು ಬೇರೆ ಬೇರೆ ಕೊಡತಕ್ಕದ್ದು' ಎಂದು ಸೇರಿಸಬೇಕು." ಕೆಳಗೆ ಕಾರಣ, ಎರಡೇ ಸಾಲು.

ಕಾರಣಕ್ಕೆ ನಿಮಗೆ ಗೊತ್ತಿರುವ ಒಂದು ಜಾಗ ಹಿಡಿಯಿರಿ. 2018ರ ಕರಡಿನಲ್ಲಿ ಹಾಳಾದ ಕಾಡಿನಲ್ಲಿ ಖಾಸಗಿಯವರ ಜೊತೆ ಸೇರಿ ಗಿಡ ನೆಡುವ ಮಾತಿತ್ತು. ನನಗೆ ತಕ್ಷಣ ಕಣ್ಮುಂದೆ ಬಂದದ್ದು ನಮ್ಮೂರ ಸೊಪ್ಪಿನ ಬೆಟ್ಟ. ಉತ್ತರ ಕನ್ನಡ ಮುಂಬೈ ಆಡಳಿತದಲ್ಲಿದ್ದ ಕಾಲದಿಂದಲೂ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ. ತೋಟಕ್ಕೆ ಸೊಪ್ಪು ಅಲ್ಲಿಂದಲೇ. ಟೊಂಗೆ ಕಡಿದ ಮರ ದೂರದಿಂದ ಬೋಳಾಗಿ ಕಾಣುತ್ತದೆ. ಕಾಗದದಲ್ಲಿ ಅದು 'ಹಾಳಾದ ಕಾಡು' ಆಗಿಬಿಡಬಹುದು. ಆದರೆ ಉಪ್ಪಾಗೆ, ಮುರುಗಲು ಹಣ್ಣು ಆರಿಸಲು ಜನ ಹೋಗುವುದು ಅಲ್ಲಿಗೇ.

ಇನ್ನು ಮುಖ್ಯವಾದದ್ದು. 'ಜನರ ಸಹಭಾಗಿತ್ವ' ಎಂಬ ಮಾತು ಎಲ್ಲ ಕರಡಿನಲ್ಲೂ ಇರುತ್ತದೆ. ಅದನ್ನು ಕಂಡು ಸಮಾಧಾನ ಪಡಬೇಡಿ. ರಹದಾರಿ ಪುಸ್ತಕ (ಕಾಡಿನ ಮಾಲು ಸಾಗಿಸುವ ಪರವಾನಗಿ ಚೀಟಿಗಳ ಪುಸ್ತಕ) ಯಾರ ಕೈಯಲ್ಲಿದೆ, ಚೆಕ್‌ಗೆ ಸಹಿ ಯಾರದು, ಇದನ್ನು ಹುಡುಕಿ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೆಂಢಾ ಲೇಖಾ ಊರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ 2009ರಲ್ಲೇ ಕಾಡಿನ ಮೇಲೆ ಸಾಮೂಹಿಕ ಹಕ್ಕು ಸಿಕ್ಕಿತು. ಆದರೂ ತಮ್ಮದೇ ಬಿದಿರು ಸಾಗಿಸಲು ರಹದಾರಿ ಬೇಕಿತ್ತು, ಅದನ್ನು ಕೊಡುತ್ತಿದ್ದುದು ಅರಣ್ಯ ಇಲಾಖೆ. ಆ ಪುಸ್ತಕ ಗ್ರಾಮಸಭೆಯ ಕೈಗೆ ಬಂದದ್ದು 2011ರ ಏಪ್ರಿಲ್‌ನಲ್ಲಿ. ಕೊಡಲು ಆಗಿನ ಕೇಂದ್ರ ಪರಿಸರ ಮಂತ್ರಿ ಜೈರಾಮ್ ರಮೇಶ್ ಅವರೇ ಊರಿಗೆ ಬರಬೇಕಾಯಿತು. ನಮ್ಮ ಕರ್ನಾಟಕದ ಗ್ರಾಮ ಅರಣ್ಯ ಸಮಿತಿಯಲ್ಲೂ ಅಧ್ಯಕ್ಷರು ಊರಿನವರು, ಕಾರ್ಯದರ್ಶಿ ಇಲಾಖೆಯವರು, ಖಾತೆ ಇಬ್ಬರದ್ದು. ಹಾಗಾಗಿ ಕರಡಿನಲ್ಲಿ 'ಪ್ರೋತ್ಸಾಹಿಸಲಾಗುವುದು' ಎಂದಿದ್ದ ಕಡೆಯೆಲ್ಲ ಕೇಳಿ: ಯಾರು, ಯಾವ ಹಣದಲ್ಲಿ, ಯಾವ ತಾರೀಕಿನೊಳಗೆ, ಆಗದಿದ್ದರೆ ಯಾರನ್ನು ಕೇಳಬೇಕು? ಉತ್ತರ ಇಲ್ಲದಿದ್ದರೆ ಅದೇ ನಿಮ್ಮ ಆಕ್ಷೇಪಣೆ.

ಎರಡು ಪುಟ ಸಾಕು. ಕನ್ನಡದಲ್ಲಿ ಯೋಚಿಸಿ ಬರೆಯಿರಿ, ಆಮೇಲೆ ಮಕ್ಕಳ ಹತ್ತಿರ ಇಂಗ್ಲಿಷ್ ಮಾಡಿಸಿ. ಎರಡನ್ನೂ ಕಳಿಸಿ. ಬೇರೆಯವರ ಪತ್ರ ನಕಲು ಮಾಡಬೇಡಿ. ಒಂದೇ ಬಿಲ್ಡಿಂಗ್‌ನ ಹತ್ತು ಜನ ಬರೆಯುವುದಾದರೆ ಒಬ್ಬೊಬ್ಬರು ಒಂದೊಂದು ಪ್ಯಾರಾ ಹಂಚಿಕೊಳ್ಳಿ. ಆಗ ಪಟ್ಟಿಯಲ್ಲಿ ಹತ್ತು ಸಾಲು ಬೀಳುತ್ತದೆ. ಈಮೇಲ್ ಜೊತೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಕೊನೆಯ ದಿನ ದಾಟಿ ಎರಡು ತಿಂಗಳಾದ ಮೇಲೆ ಮಾಹಿತಿ ಹಕ್ಕಿನಲ್ಲಿ ಕೇಳಿ. ದೆಹಲಿಯ ಸಚಿವಾಲಯಕ್ಕಾದರೆ ಆನ್‌ಲೈನ್, 10 ರೂಪಾಯಿ. ಮಹಾರಾಷ್ಟ್ರದ ಕಚೇರಿಗೆ ಕಾಗದದ ಅರ್ಜಿಯಾದರೆ 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಬಹುದು. ಇಲ್ಲಿ ಅರ್ಜಿ 150 ಪದ ಮೀರುವ ಹಾಗಿಲ್ಲ, ವಿಷಯವೂ ಒಂದೇ ಇರಬೇಕು. ಸುಮ್ನೆ 'ನನ್ನ ಪತ್ರ ಏನಾಯಿತು' ಎಂದು ಕೇಳಬೇಡಿ. ಬಂದ ಸಲಹೆಗಳ ಪಟ್ಟಿ ಕೊಡಿ, ಷರಾ ಕಾಲಂ ಸಮೇತ ಕೊಡಿ ಎಂದು ಕೇಳಿ.