ಅಪ್ಪನಿಗೋ ಅಮ್ಮನಿಗೋ ಬೈಪಾಸ್ ಇದೆಯಾ? ಮನೆಯವರ ಪಾಲಿನ ಕೆಲಸ ಇಷ್ಟಿದೆ

ಎಪ್ಪತ್ತು ದಾಟಿದವರು, ಶುಗರ್ ಇರುವವರು, ಕಿಡ್ನಿ ಸ್ವಲ್ಪ ಸೋತವರು, ಊಟ ಸೇರದೆ ಸೊರಗಿದವರು, ಇವರಿಗೆಲ್ಲ ಹೃದಯದ ಆಪರೇಷನ್‌ನಲ್ಲಿ ಅಪಾಯ ಜಾಸ್ತಿ. ಆದರೆ ತುರ್ತು ಇಲ್ಲದೆ ಎರಡು-ಮೂರು ವಾರ ಮುಂದಕ್ಕೆ ಡೇಟ್ ಕೊಟ್ಟಿದ್ದರೆ, ಆ ಅಪಾಯವನ್ನು ಒಂದಷ್ಟು ಮನೆಯಲ್ಲೇ ಇಳಿಸಬಹುದು. ನಮ್ಮಪ್ಪನ ಬೈಪಾಸ್ ಸಮಯದಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು ಮಾತ್ರೆ. ಅವರು ನುಂಗುವುದನ್ನೆಲ್ಲ ಒಂದು ಚೀಲಕ್ಕೆ ಹಾಕಿ ಡಾಕ್ಟರ್ ಮುಂದೆ ಸುರಿಯಿರಿ, ನಾಟಿ ಔಷಧಿ, ಕಷಾಯದ ಪುಡಿ ಎಲ್ಲಾ ಸೇರಿಸಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್ ಮಾತ್ರೆಯನ್ನು ಸಾಮಾನ್ಯವಾಗಿ 5 ದಿನ ಮೊದಲು ನಿಲ್ಲಿಸುತ್ತಾರೆ, ಆಸ್ಪಿರಿನ್ ಹೆಚ್ಚಾಗಿ ಮುಂದುವರಿಯುತ್ತದೆ. ಶುಗರ್‌ಗೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತಗೊಳ್ಳುತ್ತಿದ್ದರೆ ಅದನ್ನು ಮರೆಯದೆ ಹೇಳಿ. ಕನಿಷ್ಠ 3 ದಿನ ಮೊದಲು ಅದು ನಿಲ್ಲಬೇಕು, ಇಲ್ಲದಿದ್ದರೆ ಶುಗರ್ ಸರಿಯಾಗಿಯೇ ಇದ್ದರೂ ರಕ್ತದಲ್ಲಿ ಆಮ್ಲ ಏರಿಬಿಡಬಹುದು. ನೀವಾಗಿಯೇ ಮಾತ್ರ ಯಾವುದನ್ನೂ ನಿಲ್ಲಿಸಬೇಡಿ.

ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಈಗಲೇ ಕೇಳಿ, ಕಬ್ಬಿಣದ ಚಿಕಿತ್ಸೆ ಕೊಡಲು ಸಮಯ ಬೇಕು. ಬೀಡಿ ಸಿಗರೇಟು ಇವತ್ತೇ ಬಿಡಬೇಕು.

ಆಮೇಲೆ ಉಸಿರು. ಉಸಿರಾಟದ ವ್ಯಾಯಾಮಕ್ಕೆ ಬಳಸುವ ಮೂರು ಚೆಂಡಿನ ಸ್ಪೈರೋಮೀಟರ್ ಮೊದಲೇ ತಂದು ಅಭ್ಯಾಸ ಮಾಡಿಸಿ. ಅದನ್ನು ಊದಬಾರದು, ಎಳೆಯಬೇಕು. ನಮ್ಮಪ್ಪ ಎರಡು ದಿನ ಊದುತ್ತಲೇ ಇದ್ದರು, ಮೂರನೇ ದಿನ ಎಳನೀರು ಸ್ಟ್ರಾದಲ್ಲಿ ಕುಡಿದ ಹಾಗೆ ಎಳೀರಿ ಅಂದ ಮೇಲೆ ಮೊದಲ ಚೆಂಡು ಎದ್ದಿತು. ಆಪರೇಷನ್ ಆಗಿ ಎದೆ ನೋಯುವಾಗ ಇದನ್ನು ಹೊಸದಾಗಿ ಕಲಿಸೋದು ಕಷ್ಟ ಅಲ್ವಾ?

ಐಸಿಯುನಲ್ಲಿ ವಯಸ್ಸಾದವರಿಗೆ ದಿಕ್ಕು ತಪ್ಪಿದಂತಾಗುವುದುಂಟು. ಅಪ್ಪ ಎರಡನೇ ರಾತ್ರಿ, ಎಂದೋ ಮಾರಿದ ಹಸುವಿಗೆ ಹುಲ್ಲು ಹಾಕಿದಿರಾ ಎಂದು ಕೇಳುತ್ತಿದ್ದರು. ಹೆದರಬೇಡಿ, ವಾದವನ್ನೂ ಮಾಡಬೇಡಿ, ನರ್ಸ್‌ಗೆ ತಿಳಿಸಿ. ಕನ್ನಡಕ, ಕಿವಿಯ ಮಷೀನು ಕೈಗೆ ಸಿಗುವಂತಿರಲಿ. ಇವತ್ತು ಯಾವ ವಾರ, ತಾವು ಎಲ್ಲಿದ್ದೀರಿ ಎಂದು ಮೆತ್ತಗೆ ಹೇಳುತ್ತಿರಿ. ಹೆಚ್ಚಿನವರಿಗೆ ಕೆಲವೇ ದಿನದಲ್ಲಿ ತಿಳಿಯಾಗುತ್ತದೆ.

ಆಪರೇಷನ್‌ಗೆಂದು ಸೀಳಿದ ಎದೆಮೂಳೆ ಕೂಡಲು 6ರಿಂದ 8 ವಾರ ಬೇಕು. ಅಲ್ಲಿಯವರೆಗೆ ಕೈ ಊರಿ ಏಳಬಾರದು, ತುಂಬಿದ ಬಿಂದಿಗೆ ಎತ್ತಬಾರದು, ಮೊಮ್ಮಕ್ಕಳನ್ನೂ ಎತ್ತಬಾರದು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಒತ್ತಿ ಹಿಡಿದು ಕೆಮ್ಮಲಿ, ತಡೆದುಕೊಂಡರೆ ಕಫ ಕಟ್ಟುತ್ತದೆ. ಪಥ್ಯ ಅಂತ ಸುಮ್ನೆ ಗಂಜಿಯಲ್ಲೇ ಇಡಬೇಡಿ, ಗಾಯ ಒಣಗಲು ಬೇಳೆ, ಮೊಟ್ಟೆಯಂಥದ್ದು ಬೇಕು. ಕಿಡ್ನಿ ತೊಂದರೆ ಇದ್ದರೆ ಎಷ್ಟು ಅಂತ ಕೇಳಿಕೊಳ್ಳಿ.

ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಎರಡು ದಿನದಲ್ಲಿ 2 ಕೆಜಿ ಏರಿದರೆ ನೀರು ತುಂಬುತ್ತಿರಬಹುದು. ಜ್ವರ, ಗಾಯದಿಂದ ಕೀವು, ಎದೆಮೂಳೆಯಲ್ಲಿ ಕಟಕಟ ಸದ್ದು, ಲಯ ತಪ್ಪಿದ ಎದೆಬಡಿತ, ಮಲಗಿದರೆ ಉಸಿರು ಕಟ್ಟುವುದು, ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣ ಅನ್ನಬೇಡಿ. ಡಿಸ್ಚಾರ್ಜ್ ದಿನವೇ, ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿ, ಆ ನಂಬರನ್ನು ಫ್ರಿಜ್ ಬಾಗಿಲಿಗೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿ.