ಮೂವತ್ತು ಹೆಜ್ಜೆ ದೂರದ ಸ್ಪಿಟ್‌ಫೈರ್

ಕಳೆದ ಮೇ ತಿಂಗಳ ಕೊನೆಗೆ ನನ್ನ ಮೇಜಿನ ಮೇಲೆ ನಾಲ್ಕು ಡಬ್ಬಿಗಳಿದ್ದವು. ನಾಲ್ಕರಲ್ಲೂ ಸ್ಪಿಟ್‌ಫೈರ್, ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ. ಶಿರಸಿಯಿಂದ ರಜೆಗೆ ಬಂದಿದ್ದ ತಂಗಿಯ ಮಗ ಒಂದೊಂದೇ ಮುಚ್ಚಳ ತೆಗೆದು ನೋಡಿದ. "ಎಲ್ಲಾ ಒಂದೇ ವಿಮಾನ ಅಲ್ವಾ ಮಾವ? ಮತ್ತೆ ನಾಲ್ಕು ಯಾಕೆ?" ಅಂದ.

ನನಗೂ ತಿಳಿಯಬೇಕಾಗಿದ್ದದ್ದು ಅದೇ. ಹತ್ತು ವರ್ಷದಿಂದ ಬಿಡಿ ತುಂಡುಗಳ ಕಿಟ್ ತಂದು ಪ್ಲಾಸ್ಟಿಕ್ ಮಾಡೆಲ್ ಕಟ್ಟುತ್ತಿದ್ದೇನೆ. ಪ್ರತಿ ಸಲವೂ ಬೇರೆ ಬೇರೆ ವಿಮಾನ. ಒಂದೇ ವಿಮಾನದ ಬೇರೆ ಬೇರೆ ಕಿಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಕಾರವಾರದಲ್ಲಿ ಜೂನ್ ಬಂತೆಂದರೆ ಸಂಜೆ ಹೊರಗೆ ಕಾಲಿಡುವುದೇ ಕಷ್ಟ. ಈ ಮಳೆಗಾಲ ಪೂರ್ತಿ ಸ್ಪಿಟ್‌ಫೈರ್‌ಗೆ ಅಂತ ನಿರ್ಧಾರ ಮಾಡಿದೆ.

ಮೊದಲನೆಯದು ಏರ್‌ಫಿಕ್ಸ್ ಕಂಪನಿಯ 1/72 ಅಳತೆಯ, ಅಂದರೆ ನಿಜವಾದ ವಿಮಾನಕ್ಕಿಂತ 72 ಪಟ್ಟು ಚಿಕ್ಕದಾದ, ಮಾರ್ಕ್ 1. ಸ್ಪಿಟ್‌ಫೈರ್‌ನ ಒಂದೊಂದು ಮಾದರಿಗೂ ಮಾರ್ಕ್ ಅಂತ ಒಂದು ಸಂಖ್ಯೆ. ಎರಡನೆಯದು ತಮಿಯಾ ಕಂಪನಿಯ 1/48 ಮಾರ್ಕ್ 1, 2018ರಲ್ಲಿ ಹೊಸ ಅಚ್ಚಿನಲ್ಲಿ ಬಂದದ್ದು. ಮೂರನೆಯದು ಝೆಕ್ ದೇಶದ ಎಡುವಾರ್ಡ್ ಕಂಪನಿಯ 1/72 ಮಾರ್ಕ್ 8. ನಾಲ್ಕನೆಯದು ಯಾರೋ ಅರ್ಧ ಕಟ್ಟಿ ಬಿಟ್ಟು ಮಾರಿದ ಹಳೇ ಕಿಟ್. ಅದರ ಕಂಪನಿ ಹೆಸರು ಇಲ್ಲಿ ಬೇಡ, ಆ ಅಚ್ಚಿಗೆ ತುಂಬಾ ವಯಸ್ಸಾಗಿದೆ.

ಅಳತೆಯ ಲೆಕ್ಕ ಸುಲಭ. ನಿಜವಾದ ಸ್ಪಿಟ್‌ಫೈರ್ ಮಾರ್ಕ್ 1ರ ರೆಕ್ಕೆ ತುದಿಯಿಂದ ತುದಿಗೆ 11.23 ಮೀಟರ್. 1/72ರಲ್ಲಿ ಅದು 156 ಮಿ.ಮೀ., 1/48ರಲ್ಲಿ 234 ಮಿ.ಮೀ. ಅಂದರೆ ಒಂದು ಅಂಗೈ ಮೇಲೆ ಕೂರುತ್ತದೆ, ಇನ್ನೊಂದಕ್ಕೆ ಎರಡೂ ಕೈ ಬೇಕು.

ಡಬ್ಬಿ ತೆರೆದ ದಿನವೇ ಅಳಿಯ ಒಂದು ತಪ್ಪು ಹಿಡಿದ. ಏರ್‌ಫಿಕ್ಸ್‌ನ ಕೆಳರೆಕ್ಕೆ ಮತ್ತು ಅದಕ್ಕೆ ಅಂಟಿಸುವ ತುಂಡುಗಳನ್ನು ಪಕ್ಕದಲ್ಲಿಟ್ಟು, "ಮಾವ, ಒಂದು ಕಡೆಗೆ ದೊಡ್ಡ ಪೆಟ್ಟಿಗೆ ಇದೆ, ಇನ್ನೊಂದು ಕಡೆಗೆ ಸಣ್ಣ ಕೊಳವೆ. ತುಂಡು ಬದಲಾಗಿದೆ" ಅಂದ. ಬದಲಾಗಿರಲಿಲ್ಲ. ಮಾರ್ಕ್ 1ರಲ್ಲಿ ಇರುವುದೇ ಹಾಗೆ. ಬಲ ರೆಕ್ಕೆಯ ಕೆಳಗೆ ಇಂಜಿನ್ ತಣ್ಣಗಾಗಿಸುವ ರೇಡಿಯೇಟರ್, ಎಡಕ್ಕೆ ಆಯಿಲ್ ಕೂಲರ್. ಮುಂದೆ ಇಂಜಿನ್ ದೊಡ್ಡದಾಗಿ ಮಾರ್ಕ್ 8, ಮಾರ್ಕ್ 9 ಬಂದಾಗ ಎರಡೂ ಕಡೆ ಒಂದೇ ಥರದ ಪೆಟ್ಟಿಗೆ ಬಂತು. ಹೊಗೆ ಕೊಳವೆಗಳೂ ಹಾಗೆಯೇ. ಮಾರ್ಕ್ 1ರಲ್ಲಿ ಒಂದು ಬದಿಗೆ 3, ಮಾರ್ಕ್ 8ರಲ್ಲಿ 6. ಪ್ರೊಪೆಲ್ಲರ್‌ನ ಅಲಗು ಮೊದಮೊದಲು 2, ಆಮೇಲೆ 3, ಮಾರ್ಕ್ 8ರ ಹೊತ್ತಿಗೆ 4.

ಇದನ್ನು ಯಾಕೆ ಹೇಳಿದೆ ಎಂದರೆ, ಕಿಟ್ ಹೋಲಿಸುವ ಮೊದಲು ವಿಮಾನ ಗೊತ್ತಿರಬೇಕು. ರೆಜಿನಾಲ್ಡ್ ಮಿಚೆಲ್ ರೂಪಿಸಿದ ಈ ವಿಮಾನ ಮೊದಲು ಹಾರಿದ್ದು 1936ರ ಮಾರ್ಚ್ 5ರಂದು. ಯುದ್ಧ ಮುಗಿದ ಮೇಲೂ ಅದರ ತಯಾರಿಕೆ ನಡೆದೇ ಇತ್ತು. ಒಟ್ಟು 20,000ಕ್ಕೂ ಜಾಸ್ತಿ ತಯಾರಾದವು. ಇಷ್ಟು ವರ್ಷದಲ್ಲಿ ಮೂತಿ, ಬಾಲ, ರೆಕ್ಕೆಯ ತುದಿ ಎಲ್ಲಾ ಬದಲಾಗಿವೆ. ಎರಡು ಕಿಟ್ ಬೇರೆ ಬೇರೆ ಕಂಡರೆ ಅದು ಕಂಪನಿಯ ವ್ಯತ್ಯಾಸವೋ ಮಾರ್ಕ್‌ನ ವ್ಯತ್ಯಾಸವೋ ಅಂತ ಮೊದಲು ನೋಡಬೇಕು.

ಅಂಟು ಹಚ್ಚುವ ಮೊದಲು ನಾಲ್ಕನ್ನೂ ಟೇಪ್ ಹಾಕಿ ಜೋಡಿಸಿದೆ. ಮೈಯ ಎರಡು ಹೋಳು, ರೆಕ್ಕೆ, ಬಾಲ, ಅಷ್ಟೇ. ನನ್ನ ಮಟ್ಟಿಗೆ ಕಿಟ್‌ನ ಪರೀಕ್ಷೆ ಇಲ್ಲೇ ಮುಗಿಯುತ್ತದೆ. ಸ್ಪಿಟ್‌ಫೈರ್‌ನ ಚಂದ ಇರುವುದು ರೆಕ್ಕೆಯ ಬುಡದಲ್ಲಿ. ಎಲ್ಲರೂ ಮೇಲಿನಿಂದ ಕಾಣುವ ಆ ಮೊಟ್ಟೆಯಾಕಾರ ನೋಡುತ್ತಾರೆ. ಆದರೆ ಎದುರಿನಿಂದ, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡಿ. ಹೊಟ್ಟೆಯಿಂದ ಹೊರಟ ರೆಕ್ಕೆಯ ತಳ ಮೊದಲು ಕೆಳಗೆ ಇಳಿಯುತ್ತದೆ, ಆಮೇಲೆ ಮೇಲಕ್ಕೆ ಏರುತ್ತದೆ. ಹಾರುವ ಕಡಲಕ್ಕಿಯ ರೆಕ್ಕೆ ನೆನಪಾಗುತ್ತದೆ. ಈ ಬಾಗು ಇಲ್ಲದಿದ್ದರೆ ಉಳಿದದ್ದೆಲ್ಲ ಸರಿ ಇದ್ದರೂ ಅದು ಸ್ಪಿಟ್‌ಫೈರ್ ಆಗಿ ಕಾಣುವುದಿಲ್ಲ.

ರೆಕ್ಕೆ 6 ಡಿಗ್ರಿ ಮೇಲಕ್ಕೆ ಏರಿರಬೇಕು. 1/72ರಲ್ಲಿ ಲೆಕ್ಕ ಹಾಕಿದರೆ ತುದಿ ಬುಡಕ್ಕಿಂತ ಸುಮಾರು 7 ಮಿ.ಮೀ. ಮೇಲಿರುತ್ತದೆ. ರಟ್ಟು ಕತ್ತರಿಸಿ ಎರಡು ಆಸರೆ ಮಾಡಿಕೊಂಡೆ. ತಮಿಯಾದ ಕಿಟ್‌ಗೆ ಆಸರೆಯ ಅಗತ್ಯವೇ ಬೀಳಲಿಲ್ಲ. ಕೆಳರೆಕ್ಕೆ ಒಂದೇ ತುಂಡು, ಅದು ಮೈಗೆ ಸೇರಿದ ಕೂಡಲೇ ಕೋನ ತಾನಾಗಿ ಬಂತು. ಟೇಪ್ ತೆಗೆದರೂ ಅಲ್ಲಾಡದೆ ಕೂತಿತ್ತು. ಇಷ್ಟು ಅಚ್ಚುಕಟ್ಟಾದ ಜೋಡಣೆ ನಾನು ಬೇರೆಲ್ಲೂ ನೋಡಿಲ್ಲ. ಎಡುವಾರ್ಡ್ ಕೂಡ ಚೆನ್ನಾಗಿ ಕೂರುತ್ತದೆ, ಆದರೆ ಅದು ಕೆಲಸ ಕೇಳುತ್ತದೆ. ಚೌಕಟ್ಟಿನಿಂದ ತುಂಡು ಕತ್ತರಿಸಿದ ಜಾಗದಲ್ಲಿ ಕೂದಲೆಳೆಯಷ್ಟು ಪ್ಲಾಸ್ಟಿಕ್ ಉಳಿದರೂ ಮುಂದಿನ ತುಂಡು ಎದ್ದು ನಿಲ್ಲುತ್ತದೆ. ಏರ್‌ಫಿಕ್ಸ್‌ನಲ್ಲಿ ತುಂಡುಗಳೇ ಕಡಿಮೆ. ರೆಕ್ಕೆಯ ಬುಡಕ್ಕೆ ನಾಲ್ಕು ಸಲ ವಾಟರ್ ಪೇಪರ್ ಆಡಿಸಿದೆ, ಅಡ್ಡಿಲ್ಲ ಅನ್ನುವಂತೆ ಕೂತಿತು.

ಹಳೇ ಕಿಟ್‌ನ ಸಂದಿನಲ್ಲಿ ಪೋಸ್ಟ್ ಕಾರ್ಡ್ ತೂರಿಸಬಹುದಿತ್ತು. ಮುಖದ ಪೌಡರ್‌ಗೆ ಸೂಪರ್ ಗ್ಲೂ ಕಲಸಿ ತುಂಬಿಸಿದೆ. ಈ ಕೆಲಸಕ್ಕೆ ಇದು ಒಳ್ಳೆಯ ಪುಟ್ಟಿ. ಬೇಗ ಗಟ್ಟಿಯಾಗುತ್ತದೆ, ಅರ್ಧ ಗಂಟೆಯೊಳಗೆ ಉಜ್ಜಿಬಿಟ್ಟರೆ ಸುಲಭವಾಗಿ ನುಣುಪಾಗುತ್ತದೆ. ಮರುದಿನಕ್ಕೆ ಬಿಟ್ಟರೆ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ, ಸುತ್ತಲಿನ ಪ್ಲಾಸ್ಟಿಕ್ ಸವೆಯುತ್ತದೆ ಹೊರತು ಅದು ಸವೆಯುವುದಿಲ್ಲ.

ಇನ್ನು ಗೆರೆಗಳ ವಿಷಯ. ಮಾಡೆಲ್ ಕಟ್ಟುವವರು ಹೆಚ್ಚು ಜಗಳವಾಡುವುದು ಇದಕ್ಕೇ. ಲೋಹದ ಹಾಳೆಗಳು ಸೇರುವಲ್ಲಿ ನಿಜವಾದ ವಿಮಾನದ ಮೈಮೇಲೆ ಸಣ್ಣ ಸಂದು ಇರುತ್ತದೆ. ಕಿಟ್‌ನಲ್ಲಿ ಅದನ್ನು ಗೆರೆಯಾಗಿ ಕೊರೆದಿರುತ್ತಾರೆ. ಏರ್‌ಫಿಕ್ಸ್‌ನ ಗೆರೆ ತುಸು ಅಗಲ. ತಮಿಯಾದ್ದು ಸಣ್ಣ. ಎಡುವಾರ್ಡ್‌ನಲ್ಲಿ ಗೆರೆಯ ಜೊತೆಗೆ ಸೂಜಿಮೊನೆಯಂಥ ರಿವೆಟ್ (ಹಾಳೆ ಬಿಗಿಯುವ ಮೊಳೆ) ಚುಕ್ಕಿಗಳು ಸಾಲಾಗಿ ಇವೆ. ಯಾವುದು ಸರಿ?

ಲೆಕ್ಕ ಹಾಕಿ ನೋಡಿದೆ. 2 ಮಿ.ಮೀ. ಸಂದು 1/72ರಲ್ಲಿ 0.03 ಮಿ.ಮೀ. ಆಗುತ್ತದೆ, ಕೂದಲಿಗಿಂತ ತೆಳು. ಕಿಟ್‌ನಲ್ಲಿ 0.2 ಮಿ.ಮೀ. ಗೆರೆ ಇದ್ದರೆ ನಿಜದಲ್ಲಿ ಅದು 14 ಮಿ.ಮೀ., ಕಿರುಬೆರಳು ತೂರುವಷ್ಟು. ಹಾಗಾದರೆ ಎಲ್ಲಾ ಗೆರೆಯೂ ಸುಳ್ಳೇ? ಮೇಜಿನ ಮುಂದೆ ಕೂತು ಇದು ಬಗೆಹರಿಯುವುದಿಲ್ಲ ಅನ್ನಿಸಿತು.

ನಮ್ಮ ಊರಿನ ಟ್ಯಾಗೋರ್ ಬೀಚಿನಲ್ಲಿ ಚಪಲ್ ಯುದ್ಧನೌಕೆಯ ಹತ್ತಿರ ನೌಕಾಪಡೆಯ ಟುಪೊಲೆವ್ 142 ವಿಮಾನ ತಂದು ನಿಲ್ಲಿಸಿದ್ದಾರೆ. ರೆಕ್ಕೆ 50 ಮೀಟರ್ ಇರುವ ದೈತ್ಯ. ಸ್ಪಿಟ್‌ಫೈರ್‌ಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಲೋಹದ ಹಾಳೆ, ರಿವೆಟ್, ಬಣ್ಣ ಎಲ್ಲಾ ಅದರಲ್ಲೂ ಇದೆಯಲ್ಲ? ಮಾಡೆಲನ್ನು ನಾವು ಸಾಮಾನ್ಯವಾಗಿ 30 ಸೆಂ.ಮೀ. ದೂರದಿಂದ ನೋಡುತ್ತೇವೆ. 1/72 ಮಾಡೆಲನ್ನು ಅಷ್ಟು ದೂರದಿಂದ ನೋಡುವುದೂ ನಿಜವಾದ ವಿಮಾನವನ್ನು ಸುಮಾರು 22 ಮೀಟರ್ ದೂರದಿಂದ ನೋಡುವುದೂ ಒಂದೇ. 1/48ಕ್ಕೆ 14 ಮೀಟರ್ ಸಾಕು.

ಮಳೆ ಬಿಟ್ಟ ಒಂದು ಬೆಳಿಗ್ಗೆ ಹೋದೆ. ವಿಮಾನದ ಮೈಗೆ ಆದಷ್ಟು ಹತ್ತಿರ ನಿಂತು, ಅಲ್ಲಿಂದ ಹಿಂದಕ್ಕೆ ಹೆಜ್ಜೆ ಎಣಿಸಿದೆ. ಮೂವತ್ತು ಹೆಜ್ಜೆಗೆ 22 ಮೀಟರ್ ಆಗುತ್ತದೆ. ಹತ್ತಿರದಲ್ಲಿ ಒಂದೊಂದು ರಿವೆಟ್ಟೂ ಎಣಿಸುವಂತಿತ್ತು. ಹತ್ತೊಂಬತ್ತನೇ ಹೆಜ್ಜೆಗೆ, ಅಂದರೆ 1/48ರ ದೂರದಲ್ಲಿ, ರಿವೆಟ್ ಮರೆಯಾಗಿ ಹಾಳೆಗಳ ಸಂದು ಮಾತ್ರ ಉಳಿದಿತ್ತು. ಮೂವತ್ತನೇ ಹೆಜ್ಜೆಯಲ್ಲಿ ಆ ಸಂದೂ ಗೆರೆಯಾಗಿ ಕಾಣಲಿಲ್ಲ. ಒಂದು ಹಾಳೆಗೂ ಪಕ್ಕದ ಹಾಳೆಗೂ ಬಣ್ಣದಲ್ಲಿ ಒಂದಿಷ್ಟು ಹೆಚ್ಚುಕಡಿಮೆ, ಬೆಳಕು ಜಾರುವ ರೀತಿಯಲ್ಲಿ ತುಸು ವ್ಯತ್ಯಾಸ, ಅಷ್ಟೇ ಕಂಡದ್ದು. ಬಾಗಿಲು, ಮುಚ್ಚಳ ತೆರೆಯುವ ಜಾಗಗಳು ಮಾತ್ರ ಕಡುಗೆರೆಯಾಗಿ ಎದ್ದು ಕಂಡವು.

ಅವತ್ತಿನಿಂದ ನನ್ನ ಕೆಲಸವೇ ಬದಲಾಯಿತು. ಮೊದಲೆಲ್ಲ ಎಲ್ಲ ಗೆರೆಗೂ ಕಪ್ಪು ನೀರುಬಣ್ಣ ಹರಿಸುತ್ತಿದ್ದೆ. ಈಗ ತೆರೆಯುವ ಮುಚ್ಚಳಗಳಿಗೆ, ರೆಕ್ಕೆಯ ಹಿಂದಿನ ಅಲ್ಲಾಡುವ ಭಾಗಗಳಿಗೆ ಮಾತ್ರ ಗಾಢ ಬಣ್ಣ. ಉಳಿದ ಗೆರೆಗಳಿಗೆ ಮೈಬಣ್ಣಕ್ಕಿಂತ ತುಸುವೇ ಗಾಢ. ಏರ್‌ಫಿಕ್ಸ್‌ನ ಅಗಲ ಗೆರೆ ನನಗೆ ಅನುಕೂಲವೇ ಆಯಿತು. ನಾನು ಬ್ರಶ್‌ನಲ್ಲಿ ಬಳಿಯುವವನು. ಮೂರು ಕೋಟ್ ಬಣ್ಣ ಬಿದ್ದ ಮೇಲೆ ಆ ಗೆರೆ ತಾನಾಗಿ ತುಂಬಿ ಹದಕ್ಕೆ ಬಂತು. ಎಡುವಾರ್ಡ್‌ನ ನಾಜೂಕು ಚುಕ್ಕಿಗಳು ಉಳಿಯಬೇಕೆಂದರೆ ಬಣ್ಣ ಹಾಲಿನಷ್ಟು ತೆಳುವಾಗಿರಬೇಕು, ಇಲ್ಲವೇ ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್ ಬೇಕು.

ರಿವೆಟ್ ಬಗ್ಗೆ ಒಂದು ಮಾತು. ಸ್ಪಿಟ್‌ಫೈರ್ ತಯಾರಿಸಿದವರೇ ಇದಕ್ಕಾಗಿ ಒಂದು ಪ್ರಯೋಗ ಮಾಡಿದ್ದರು. ನುಣುಪಾದ ರಿವೆಟ್ ಕೂರಿಸಲು ಖರ್ಚು ಜಾಸ್ತಿ. ಎಲ್ಲೆಲ್ಲಿ ಉಬ್ಬು ತಲೆಯ ರಿವೆಟ್ ಹಾಕಿದರೆ ನಡೆಯುತ್ತದೆ ಅಂತ ತಿಳಿಯಲು, ಮೊದಲ ವಿಮಾನದ ಮೈಮೇಲೆ ಒಡೆದ ಬಟಾಣಿ ಕಾಳು ಅಂಟಿಸಿ ಹಾರಿಸಿದರು. ಒಂದೊಂದು ಕಡೆಯಿಂದ ಕಾಳು ಕೀಳುತ್ತಾ ವೇಗ ಅಳೆದರು. ರೆಕ್ಕೆ ನುಣುಪಾಗಿರಲೇಬೇಕು, ಮೈಯ ಹಿಂಭಾಗದಲ್ಲಿ ಉಬ್ಬು ಇದ್ದರೂ ನಡೆಯುತ್ತದೆ ಅಂತ ಗೊತ್ತಾಯಿತು. ಹಾಗಾಗಿ ಮಾರ್ಕ್ 1 ಕಟ್ಟುವಾಗ ರೆಕ್ಕೆಗೆ ಜಾಸ್ತಿ ರಿವೆಟ್ ತೋರಿಸಬೇಡಿ. ಅದನ್ನು ಚೆನ್ನಾಗಿ ಉಜ್ಜಿ ನುಣುಪು ಮಾಡಿ.

ಹಾಗೆಯೇ ರೆಕ್ಕೆಯ ಹಿಂಅಂಚು. 1/72ರಲ್ಲಿ ಆ ಅಂಚು 1 ಮಿ.ಮೀ. ದಪ್ಪ ಇದ್ದರೆ ನಿಜದಲ್ಲಿ 7 ಸೆಂ.ಮೀ. ಆಗುತ್ತದೆ. ಅಂಟಿಸುವ ಮೊದಲೇ ಒಳಬದಿಯಿಂದ ಉಜ್ಜಿ ತೆಳು ಮಾಡಬೇಕು. ಹೊರಗಿನಿಂದ ಉಜ್ಜಿದರೆ ಗೆರೆ ಅಳಿಸಿಹೋಗುತ್ತದೆ. ಹಾರ್ಡ್‌ವೇರ್ ಅಂಗಡಿಯ 400 ನಂಬರ್ ವಾಟರ್ ಪೇಪರ್‌ನಲ್ಲಿ ಶುರು ಮಾಡಿ 1000ಕ್ಕೆ ಮುಗಿಸಿದೆ.

ಜುಲೈನಲ್ಲಿ ಮಳೆ ಪೆಟ್ಟು ಕೊಟ್ಟಿತು. ತಮಿಯಾದ ವಿಮಾನಕ್ಕೆ ಬಣ್ಣ ಮುಗಿದು ಮೇಲೆ ಮ್ಯಾಟ್ ವಾರ್ನಿಶ್ ಸ್ಪ್ರೇ ಹೊಡೆದೆ. ಹತ್ತು ನಿಮಿಷದಲ್ಲಿ ಹಸಿರು ರೆಕ್ಕೆ ಹಿಟ್ಟು ಚೆಲ್ಲಿದಂತೆ ಬಿಳಿಚಿಕೊಂಡಿತು. ತಪ್ಪು ನನ್ನದು. ಅಂಥ ಹವೆಯಲ್ಲಿ ಸ್ಪ್ರೇ ಮುಟ್ಟಲೇಬಾರದಿತ್ತು. ಅದರ ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂತು ವಾರ್ನಿಶ್ ಒಳಗೆ ಸಿಕ್ಕಿಕೊಳ್ಳುತ್ತದೆ. ಎರಡು ದಿನ ಕೈ ಹಚ್ಚಲು ಮನಸ್ಸೇ ಬರಲಿಲ್ಲ. ಆಮೇಲೆ ಬಿಸಿಲು ಬಿದ್ದ ದಿನ ಅದೇ ವಾರ್ನಿಶನ್ನು ತೆಳುವಾಗಿ ಇನ್ನೊಂದು ಸಲ ಹೊಡೆದೆ. ಮುಕ್ಕಾಲು ಪಾಲು ಬಿಳುಪು ಕರಗಿಹೋಯಿತು. ಉಳಿದ ಕಡೆಗೆ ಬಣ್ಣ ತಿದ್ದಿದೆ. ಈಗ ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಪ್ರೇ ಡಬ್ಬಿ ಕಪಾಟಿನೊಳಗೇ ಇರುತ್ತದೆ. ಬ್ರಶ್‌ನಲ್ಲಿ ಬಳಿಯುವ, ನೀರಿನಲ್ಲಿ ಕರಗುವ ಅಕ್ರಿಲಿಕ್ ವಾರ್ನಿಶ್ ಸಾಕು.

ಅದೇ ತೇವದಿಂದ ಇನ್ನೊಂದು ತೊಂದರೆ. ಕಾಕ್‌ಪಿಟ್‌ನ ಗಾಜನ್ನು ಸೂಪರ್ ಗ್ಲೂನಲ್ಲಿ ಅಂಟಿಸಬೇಡಿ. ಅದರ ಆವಿ ಗಾಜಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ, ಕರಾವಳಿಯಂಥ ತೇವದ ಗಾಳಿಯಲ್ಲಿ ಇನ್ನೂ ಜಾಸ್ತಿ. ಬಿಳಿ ಮರದ ಗೋಂದು ಒಂದು ಹನಿ ಸಾಕು. ಆರಿದ ಮೇಲೆ ಕಾಣುವುದೂ ಇಲ್ಲ.

ಎಡುವಾರ್ಡ್‌ನ ಮಾರ್ಕ್ 8 ಕೊನೆಗೆ ಇಟ್ಟುಕೊಂಡಿದ್ದೆ. ಅದರ ಮೇಲೆ ನನಗೆ ಬೇರೆಯೇ ಪ್ರೀತಿ. 1945ರಲ್ಲಿ ಬರ್ಮಾದ ಯುದ್ಧದಲ್ಲಿ ನಮ್ಮ ವಾಯುಪಡೆಯ 8ನೇ ಸ್ಕ್ವಾಡ್ರನ್ ಹಾರಿಸಿದ್ದು ಇದೇ ಮಾದರಿ. ಕಿಟ್ ನೋಡಿದರೆ ಮಾರ್ಕ್ 9ರಂತೆಯೇ ಕಾಣುತ್ತದೆ, ಡಬ್ಬಿಯಲ್ಲಿ ಎರಡಕ್ಕೂ ಆಗುವ ತುಂಡುಗಳು ಇವೆ. ಬೇಡದ ತುಂಡುಗಳನ್ನು ಮೊದಲೇ ಗುರುತು ಹಾಕಿ ಬೇರೆ ಮಾಡಿಕೊಳ್ಳಬೇಕು. ಮಾರ್ಕ್ 8ರ ಗುರುತು ಎಂದರೆ ಒಳಗೆ ಮಡಚಿಕೊಳ್ಳುವ ಹಿಂಚಕ್ರ. ಮಾರ್ಕ್ 9ರಲ್ಲಿ ಅದು ಯಾವಾಗಲೂ ಹೊರಗೇ ಇರುತ್ತದೆ.

ಈ ವಿಮಾನದ ರೆಕ್ಕೆ, ಮೈಮೇಲಿನ ವಾಯುಪಡೆಯ ದುಂಡು ಗುರುತುಗಳಲ್ಲಿ ಕೆಂಪು ಇರಬಾರದು. ಬ್ರಿಟಿಷ್ ವಿಮಾನಗಳ ಮೇಲೆ ನೀಲಿ, ಬಿಳಿ, ನಡುವೆ ಕೆಂಪು ಇರುತ್ತಿತ್ತು. ಬರ್ಮಾದ ಆಕಾಶದಲ್ಲಿ ಎದುರಾಳಿ ಜಪಾನಿನ ಗುರುತೇ ಕೆಂಪು ಸೂರ್ಯ. ದೂರದಿಂದ ಕೆಂಪು ಕಂಡರೆ ನಮ್ಮವರೇ ನಮ್ಮವರಿಗೆ ಗುಂಡು ಹಾರಿಸಬಹುದು. ಅದಕ್ಕೇ ಕೆಂಪು ತೆಗೆದು ಕಡುನೀಲಿಯೊಳಗೆ ತಿಳಿನೀಲಿ ಮಾತ್ರ ಉಳಿಸಿದರು. ಆ ಗುರುತಿನ ಡೆಕಾಲ್‌ಗಳನ್ನು (ಮೈಗೆ ಅಂಟಿಸುವ ತೆಳು ಚಿತ್ರ) ಬೇರೆಯಾಗಿ ತರಿಸಿದೆ. ಬೂಷ್ಟು ಹಿಡಿಯದಂತೆ ಸಿಲಿಕಾ ಚೀಲಗಳ ಜೊತೆ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೆ. ಅಂಟಿಸುವ ಮೊದಲು ಮೈಗೆ ಹೊಳಪಿನ ಕೋಟ್ ಕೊಡಬೇಕು, ಇಲ್ಲದಿದ್ದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ.

ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ಮೊದಲ ಸಲ ಕಟ್ಟುವವರು ಏರ್‌ಫಿಕ್ಸ್ ತಗೊಳ್ಳಿ. ಬಣ್ಣ, ಬ್ರಶ್, ಅಂಟು ಒಟ್ಟಿಗೆ ಬರುವ ಸೆಟ್ ಸಿಗುತ್ತದೆ, ಒಂದೆರಡು ಭಾನುವಾರದಲ್ಲಿ ವಿಮಾನ ನಿಲ್ಲುತ್ತದೆ. ದುಡ್ಡು ಜಾಸ್ತಿ ಹಾಕಬಲ್ಲಿರಾದರೆ, ಕಣ್ಣು ಸೋತಿದ್ದರೆ, ತಮಿಯಾ. ಕಟ್ಟುವ ಸಂತೋಷ ಅಷ್ಟು ಶುದ್ಧವಾಗಿ ಬೇರೆಲ್ಲೂ ಸಿಗಲಿಲ್ಲ. ಎಡುವಾರ್ಡ್‌ಗೆ ಕೈ ಹಾಕುವ ಮೊದಲು ನಾಲ್ಕೈದು ಕಿಟ್ ಮುಗಿಸಿರಿ. ಹಳೇ ಕಿಟ್ ಬಿಸಾಡಬೇಡಿ. ನನ್ನದು ಈಗ ಬಣ್ಣ ಪರೀಕ್ಷೆ ಮಾಡುವ ವಿಮಾನ. ಹೊಸ ಬಣ್ಣ, ವಾರ್ನಿಶ್ ಎಲ್ಲಾ ಮೊದಲು ಅದರ ಮೈಮೇಲೆ.

ಚೌತಿಗೆ ಅಳಿಯ ಮತ್ತೆ ಬಂದ. ಮಾರ್ಕ್ 8 ಕೈಗೆ ಕೊಟ್ಟೆ. ನೀಲಿ ಚಕ್ರ ನೋಡಲಿಲ್ಲ, ಕಾಕ್‌ಪಿಟ್ ನೋಡಲಿಲ್ಲ. ಮೆಲ್ಲಗೆ ಹೊಟ್ಟೆ ಮೇಲೆ ಮಾಡಿ ಹಿಡಿದ. "ಎರಡೂ ಕಡೆ ಪೆಟ್ಟಿಗೆ ಇದೆ ಮಾವ. ಇದು ಒಂದಲ್ಲ, ಎಂಟು" ಅಂದ.